ಬೋರ್ಡಿನಲ್ಲಿ ನಗರ, ಉತಾರದಲ್ಲಿ ಹೊಲ

ಬೇಲೂರು ಅಂದ ಕೂಡಲೇ ನಿಮ್ಮಲ್ಲಿ ಬಹಳ ಜನರಿಗೆ ಚೆನ್ನಕೇಶವ, ಶಿಲಾಬಾಲಿಕೆ, ಹಾಸನ ಜಿಲ್ಲೆ ನೆನಪಾಗುತ್ತೆ. ನಾನು ಹೇಳ್ತಿರೋದು ಆ ಬೇಲೂರಿನ ವಿಷಯ ಅಲ್ಲ. ಇದು ಧಾರವಾಡದ ಬೇಲೂರು. ಧಾರವಾಡ ದಾಟಿ ಬೆಳಗಾವಿ ಕಡೆಗೆ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದರೆ ಸಿಗುತ್ತೆ. ಇಲ್ಲಿ ಶಿಲ್ಪ ಇಲ್ಲ, ಶೆಡ್ಡುಗಳಿವೆ. ಪ್ರವಾಸಿಗರು ಬರೋದಿಲ್ಲ, ಶಿಫ್ಟಿನವರು ಬರ್ತಾರೆ.

ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ರೈತರ ಹೊಲ ತಗೊಂಡು ಮಾಡಿದ ಕೈಗಾರಿಕಾ ಪ್ರದೇಶ ಇದು. ನೀವು ಹತ್ತಿ ಓಡಾಡುವ ಎಷ್ಟೋ ಬಸ್ಸುಗಳ ಮೈಕಟ್ಟು ಕಟ್ಟೋದು ಇಲ್ಲೇ. ಟಾಟಾದವರು ಬ್ರೆಜಿಲ್ ದೇಶದ ಮಾರ್ಕೋಪೋಲೋ ಕಂಪನಿ ಜೊತೆ 2006ರಲ್ಲಿ ಪಾಲುದಾರಿಕೆ ಮಾಡಿಕೊಂಡು ಶುರು ಮಾಡಿದ ಕಾರ್ಖಾನೆ. ಬ್ರೆಜಿಲ್‌ನವರು ಪಾಲು ಬಿಟ್ಟು ಹೋದರು, ಕಂಪನಿ ಹೆಸರೂ ಬದಲಾಯ್ತು. ಜನರ ಬಾಯಲ್ಲಿ ಮಾತ್ರ ಅದು ಇನ್ನೂ ಮಾರ್ಕೋಪೋಲೋನೇ. ನೆಲ-ಜಲ ನಿರ್ವಹಣೆಯ ತರಬೇತಿ ಕೊಡುವ ವಾಲ್ಮಿ ಸಂಸ್ಥೆ ಇಲ್ಲೇ ಇದೆ. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂದಾಗ ಮೊದಲು ಪಾಠ ಶುರುವಾಗಿದ್ದು ಆ ವಾಲ್ಮಿ ಆವರಣದಲ್ಲೇ. 2023ರಲ್ಲಿ ಚಿಕ್ಕಮಲ್ಲಿಗವಾಡದ ಹೊಸ ಕ್ಯಾಂಪಸ್ಸು ಉದ್ಘಾಟನೆ ಆಯ್ತು. ಇದೇ ಹೆದ್ದಾರಿಯ ಪಕ್ಕದಲ್ಲಿ ಹೈಕೋರ್ಟಿನ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿದ್ದು 2013ರಲ್ಲಿ ಕಾಯಂ ಆಯ್ತು.

ಕಾರ್ಖಾನೆ ಬಂತು, ಕೋರ್ಟು ಬಂತು, ಕಾಲೇಜು ಬಂತು. ಇದೆಲ್ಲಾ ಸುದ್ದಿ ಆಯ್ತು. ನಮ್ಮ ಚಾನೆಲ್‌ನಲ್ಲೂ ಬಂತು. ಸುದ್ದಿ ಆಗದೇ ಉಳಿದ ಪ್ರಶ್ನೆ ಒಂದಿದೆ. ಇಲ್ಲಿ ಕೆಲಸ ಮಾಡೋರು ರಾತ್ರಿ ಮಲಗೋದೆಲ್ಲಿ?

ಹಿಂದಿನ ಕಾಲದ ಕಾರ್ಖಾನೆಗಳಿಗೆ ಇದಕ್ಕೊಂದು ಉತ್ತರ ಇತ್ತು. ಭದ್ರಾವತಿಗೆ ಹೋಗಿ ನೋಡಿ, ಕೆಜಿಎಫ್‌ಗೆ ಹೋಗಿ ನೋಡಿ. ಅಷ್ಟು ದೂರ ಯಾಕೆ, ಧಾರವಾಡದಿಂದ ಒಂದೂವರೆ ತಾಸಿನ ಹಾದಿ ದಾಂಡೇಲಿ. ಅಲ್ಲಿ ಪೇಪರ್ ಮಿಲ್ಲಿನ ಕ್ವಾರ್ಟರ್ಸ್ ಇದೆ. ಗೋಕಾಕ ಫಾಲ್ಸ್‌ನಲ್ಲಿ ಗಿರಣಿ ಕಾರ್ಮಿಕರ ಚಾಳು ಇದೆ. ಕಾರ್ಖಾನೆ ಕಟ್ಟಿದವನೇ ಮನೆ ಕಟ್ಟಿಸ್ತಿದ್ದ, ನಳ ಹಾಕಿಸ್ತಿದ್ದ, ಶಾಲೆ ತೆರೀತಿದ್ದ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಕಥೆ ಇನ್ನೂ ಸ್ವಾರಸ್ಯ. ಬೆಳಗಾವಿಯಲ್ಲಿ ಅವರ ಕಾರ್ಖಾನೆ ಇತ್ತು. ಊರು ಬೆಳೀತು, ಹೊಸ ಬಡಾವಣೆಗೆ ಆ ಜಾಗ ಬೇಕಾಯ್ತು, ಖಾಲಿ ಮಾಡಿ ಅಂದರು. ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು, ಕಾರ್ಖಾನೆ ಮತ್ತು ಕಾಲೋನಿ ಎರಡೂ ಒಟ್ಟಿಗೆ. ಅವತ್ತು ಬಡಾವಣೆ ಬಂದು ಕಾರ್ಖಾನೆಯನ್ನು ಓಡಿಸಿತ್ತು. ಇವತ್ತು ಕಾರ್ಖಾನೆ ಬಂದ ಕಡೆ ಬಡಾವಣೆ ಓಡಿ ಬರ್ತಿದೆ.

ಆದರೆ ಈಗಿನ ಕಂಪನಿ ಮನೆ ಕಟ್ಟಿಸಲ್ಲ. ಸಂಬಳದ ಚೀಟಿಯಲ್ಲಿ ಎಚ್‌ಆರ್‌ಎ ಅಂತ ಒಂದು ಸಾಲು ಹಾಕುತ್ತೆ, ಅಲ್ಲಿಗೆ ಮುಗೀತು. ಮನೆ ಹುಡುಕಿಕೊಳ್ಳೋದು ನಿಮ್ಮ ಕೆಲಸ. ಕೈಗಾರಿಕಾ ಪ್ರದೇಶದ ಒಳಗೆ ಕೊಟ್ಟ ಜಾಗ ಕಾರ್ಖಾನೆಗೆ ಮೀಸಲು, ಅಲ್ಲಿ ನೀವು ಮನೆ ಕಟ್ಟೋ ಹಾಗಿಲ್ಲ. ಹಾಗಾಗಿ ಏನಾಗುತ್ತೆ? ಕೈಗಾರಿಕಾ ಪ್ರದೇಶದ ಗೋಡೆಯ ಆಚೆ ಇರೋ ಹೊಲಗಳು ಪ್ಲಾಟ್ ಆಗ್ತವೆ. ಬೇಲೂರು, ಮುಮ್ಮಿಗಟ್ಟಿ, ಕೋಟೂರು, ನರೇಂದ್ರ, ಈ ಸಾಲಿನಲ್ಲಿ ಓಡಾಡಿ ನೋಡಿ. ಜೋಳ, ಸೋಯಾ, ಹೆಸರು ಬೆಳೆಯುವ ಹೊಲದ ನಡುವೆ ನಾಲ್ಕು ಕಲ್ಲು, ಒಂದು ಕಮಾನು, ಕಮಾನಿನ ಮೇಲೆ ಒಂದು 'ನಗರ' ಅನ್ನೋ ಬೋರ್ಡು. ಒಳಗೆ ಹೋದರೆ ಮೂವತ್ತೋ ನಲವತ್ತೋ ಮನೆ.

ಇಂಥ ಕಾಲೋನಿಯಲ್ಲಿ ಬದುಕೋದು ಹೇಗಿರುತ್ತೆ ಅಂತ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರಿಗೆ ಅರ್ಥ ಆಗೋದು ಕಷ್ಟ. ಇದು ಹಳ್ಳಿ ಅಲ್ಲ, ಯಾಕಂದರೆ ಇಲ್ಲಿ ಯಾರೂ ಯಾರ ಅಜ್ಜನನ್ನೂ ಕಂಡವರಲ್ಲ. ಒಬ್ಬರು ಹಾವೇರಿಯವರು, ಒಬ್ಬರು ಬಾಗಲಕೋಟೆಯವರು, ಮೂಲೆಯ ಮನೆಯ ಮಹಡಿ ಮೇಲೆ ಒಡಿಶಾದಿಂದ ಬಂದ ಆರು ಹುಡುಗರು. ಇದು ಪೇಟೆಯೂ ಅಲ್ಲ, ಯಾಕಂದರೆ ಸಂಜೆ ಒಂದು ಜ್ವರದ ಮಾತ್ರೆ ಬೇಕಾದರೂ ಬೈಕ್ ಹತ್ತಬೇಕು.

ದಿನಚರಿಯನ್ನು ನಡೆಸೋದು ಸೂರ್ಯ ಅಲ್ಲ, ಶಿಫ್ಟು. ಮೊದಲ ಶಿಫ್ಟಿನವರ ಡಬ್ಬಿ ಕಟ್ಟೋಕೆ ನಸುಕಿನಲ್ಲೇ ರೊಟ್ಟಿ ಬಡಿಯುವ ಸದ್ದು. ಅದು ಮುಗಿಯೋ ಹೊತ್ತಿಗೆ ರಾತ್ರಿ ಶಿಫ್ಟಿನವರು ಮನೆಗೆ ಬಂದು ಮಲಗ್ತಾರೆ. ಹಾಗಾಗಿ ಭಾನುವಾರ ಬೆಳಿಗ್ಗೆ ಹುಡುಗರು ಕ್ರಿಕೆಟ್ ಆಡಿದರೆ ಕಿಟಕಿಯಿಂದ ಬೈಗುಳ ಬರುತ್ತೆ. "ಏ ತಮ್ಮಾ, ನಿಮ್ಮ ಕಾಕಾ ಈಗ ಮಲ್ಕೊಂಡಾರ, ಆ ಕಡೆ ಹೋಗಿ ಆಡ್ರೆಪಾ." ಆ ಕಡೆ ಅಂದರೆ ಎಲ್ಲಿ? ಇನ್ನೂ ಮನೆ ಏಳದ ಖಾಲಿ ಪ್ಲಾಟು. ಅದರ ಮಾಲೀಕ ಎಲ್ಲೋ ಇರ್ತಾನೆ. ಅವನು ಮನೆ ಕಟ್ಟೋಕೆ ಶುರು ಮಾಡಿದ ದಿನ ಆ ಮಕ್ಕಳ ಮೈದಾನ ಮುಗೀತು.

ಇನ್ನು ನೀರು. ಹುಬ್ಬಳ್ಳಿ-ಧಾರವಾಡದ ನೀರಿನ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಅವಳಿ ನಗರಕ್ಕೆ ನೀರು ಬರುತ್ತೆ. 2008ರಲ್ಲೇ ಇಲ್ಲಿನ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಟ್ಟು ಇಡೀ ದೇಶಕ್ಕೆ ಮಾದರಿ ಅನ್ನಿಸಿಕೊಂಡರು. ಅದೇ ಊರಿನ ಉಳಿದ ಬಡಾವಣೆಗಳ ಜನ ವಾರಕ್ಕೊಮ್ಮೆ, ಕೆಲವು ಸಲ ಎಂಟು-ಹತ್ತು ದಿನಕ್ಕೊಮ್ಮೆ ನೀರು ಹಿಡಿದು ಸಂಸಾರ ಮಾಡಿದರು. ಹಾಗಾಗಿ ಈ ಭಾಗದಲ್ಲಿ ಮನೆ ನೋಡೋಕೆ ಬಂದವರು ಮೊದಲು ಅಡುಗೆಮನೆ ನೋಡಲ್ಲ, ನೆಲದಡಿಯ ಟಾಕಿ ಎಷ್ಟು ದೊಡ್ಡದಿದೆ ಅಂತ ಕೇಳ್ತಾರೆ. ಪಾಲಿಕೆಯ ಪೈಪು ಮುಟ್ಟದ ಅಂಚಿನ ಕಾಲೋನಿಗಳಿಗೆ ಗತಿ ಬೋರ್‌ವೆಲ್, ಅದು ಬತ್ತಿದರೆ ಟ್ಯಾಂಕರ್. "ಅಕ್ಕಾರ, ನೀರ ಬಿಟ್ಟಾರ ನೋಡ್ರಿ" ಅಂತ ಒಂದು ಕೂಗು ಬಿತ್ತು ಅಂದರೆ ಟಿವಿಯಲ್ಲಿ ಪ್ರಧಾನಮಂತ್ರಿ ಮಾತಾಡ್ತಿದ್ದರೂ ಎದ್ದು ಹೋಗ್ತಾರೆ. ನನ್ನ ಮಾತು ಬಿಟ್ಟು ಎದ್ದು ಹೋಗೋದರಲ್ಲಿ ಆಶ್ಚರ್ಯವೇನಿಲ್ಲ.

ಈಗ ನಾನು ಬಿಡಿಸಿ ಹೇಳಬೇಕಾದ ವಿಷಯಕ್ಕೆ ಬರ್ತೀನಿ. ಒಂದೇ ರಸ್ತೆ. ಆ ಬದಿ ಪಾಲಿಕೆ, ಈ ಬದಿ ಗ್ರಾಮ ಪಂಚಾಯಿತಿ ಅಂತ ಇಟ್ಟುಕೊಳ್ಳಿ. ಎರಡೂ ಬದಿ ಒಂದೇ ಥರದ ಮನೆ, ಒಂದೇ ಕಂಪನಿಯ ನೌಕರರು. ಪಾಲಿಕೆ ಬದಿಯ ಮನುಷ್ಯನಿಗೆ ದಿನಕ್ಕೆ ಇಷ್ಟು ನೀರು ಬೇಕು ಅಂತ ಸರ್ಕಾರದ ಮಾನದಂಡ ಹೇಳೋದು 135 ಲೀಟರ್. ಪಂಚಾಯಿತಿ ಬದಿಯವನಿಗೆ, 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನ ಲೆಕ್ಕದಲ್ಲಿ, 55 ಲೀಟರ್. ರಸ್ತೆ ದಾಟಿದರೆ ಮನುಷ್ಯನ ಬಾಯಾರಿಕೆ ಅರ್ಧಕ್ಕಿಂತ ಕಡಿಮೆ ಆಗುತ್ತಾ ಸ್ವಾಮಿ? ಆಗಲ್ಲ. ಅವನು ಯಾವ ಪುಸ್ತಕದಲ್ಲಿ ಬರೆಸಲ್ಪಟ್ಟಿದ್ದಾನೆ ಅನ್ನೋದು ಬದಲಾಗುತ್ತೆ. ಹಳ್ಳಿಗೆ 55 ಲೀಟರ್ ಅನ್ನೋದರ ಹಿಂದೆ ಹಳ್ಳಿಯಲ್ಲಿ ಒಳಚರಂಡಿ ಇರಲ್ಲ, ಬಾವಿ ಹಳ್ಳ ಇರ್ತವೆ ಅನ್ನೋ ಲೆಕ್ಕಾಚಾರ ಇದ್ದಿರಬಹುದು. ಈ ಕಾಲೋನಿಗಳಲ್ಲಿ ಬಾವಿಯೂ ಇಲ್ಲ, ಒಳಚರಂಡಿಯೂ ಇಲ್ಲ. ಪ್ರತಿ ಮನೆಗೂ ಒಂದು ಪಾಯಖಾನೆ ಗುಂಡಿ, ಅದರಿಂದ ಹತ್ತಾರು ಅಡಿ ದೂರದಲ್ಲಿ ಪಕ್ಕದವನ ಬೋರ್‌ವೆಲ್.

ಬೀದಿದೀಪ ಕೆಟ್ಟಿತು ಅಂತ ಇಟ್ಟುಕೊಳ್ಳಿ. ರಾತ್ರಿ ಹತ್ತೂವರೆಗೆ ಎರಡನೇ ಶಿಫ್ಟ್ ಮುಗಿಸಿ ಬರೋ ಹೆಣ್ಣುಮಗಳು ಕತ್ತಲಲ್ಲಿ ನಡೀಬೇಕು. ಯಾರಿಗೆ ಹೇಳಬೇಕು? ಹೆಸ್ಕಾಂನವರು ಕಂಬ ನಮ್ಮದು, ಬಲ್ಬು ಪಂಚಾಯಿತಿಯದು ಅಂತಾರೆ. ಪಂಚಾಯಿತಿಯವರು ನಿಮ್ಮ ಲೇಔಟ್ ನಮಗೆ ಹಸ್ತಾಂತರ ಆಗಿಲ್ಲ ಅಂತಾರೆ. ಲೇಔಟ್ ಮಾಡಿದವನು ಕೊನೇ ಪ್ಲಾಟು ಮಾರಿದ ಮೇಲೆ ಫೋನ್ ಎತ್ತಲ್ಲ. ಕೈಗಾರಿಕಾ ಪ್ರದೇಶದ ದೀಪ ಝಗಮಗ ಉರೀತಿರುತ್ತೆ, ಆದರೆ ಅದು ಗೋಡೆಯ ಆಚೆ. ಕೊನೆಗೆ ನಾಲ್ಕು ಮನೆಯವರು ಸೇರಿ ದುಡ್ಡು ಹಾಕಿ, ತಮ್ಮ ಮೀಟರಿನಿಂದಲೇ ವೈರ್ ಎಳೆದು ಬಲ್ಬು ಹಾಕ್ಕೊಳ್ತಾರೆ.

ಯಾರದ್ದೋ ಸೋಮಾರಿತನದಿಂದ ಹೀಗಾಗ್ತಿದೆ ಅಂದುಕೊಂಡರೆ ಅರ್ಧ ಮಾತ್ರ ಸರಿ. ಉಳಿದ ಅರ್ಧ ಕಾಗದದಲ್ಲಿದೆ.

ಉತ್ತರ ಕರ್ನಾಟಕದಲ್ಲಿ, ಅದರಲ್ಲೂ ಹುಬ್ಬಳ್ಳಿ-ಧಾರವಾಡದಲ್ಲಿ, 'ಗುಂಟಾ ಪ್ಲಾಟ್' ಅನ್ನೋ ಮಾತು ಮನೆಮಾತು. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ಒಂದು ಮನೆಗೆ ಅಳತೆ ಮಾಡಿದ ಹಾಗೆ ಸರಿಹೋಗುತ್ತೆ. ರೈತನಿಂದ ಎಕರೆ ಲೆಕ್ಕದಲ್ಲಿ ತಗೊಂಡು, ಗುಂಟೆ ಲೆಕ್ಕದಲ್ಲಿ ಮಾರಿದರೆ ಅದು ಗುಂಟಾ ಪ್ಲಾಟ್. ನಿಯಮದ ಪ್ರಕಾರ ಮಾಡೋದಾದರೆ ಏನು ಮಾಡಬೇಕಿತ್ತು? ಮೊದಲು ಕೃಷಿ ಜಮೀನನ್ನ ಜಿಲ್ಲಾಧಿಕಾರಿಯಿಂದ ಎನ್.ಎ. ಮಾಡಿಸಬೇಕು, ಅಂದರೆ ಕೃಷಿಯೇತರ ಅಂತ ಪರಿವರ್ತನೆ. ಆಮೇಲೆ ಹುಡಾ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಿಂದ, ಲೇಔಟ್ ನಕ್ಷೆಗೆ ಮಂಜೂರಾತಿ. ಆ ನಕ್ಷೆಯಲ್ಲಿ ರಸ್ತೆಗೆ ಜಾಗ, ಸಾಮಾನ್ಯವಾಗಿ ನೂರಕ್ಕೆ 10 ಭಾಗ ಪಾರ್ಕು ಮೈದಾನಕ್ಕೆ, 5 ಭಾಗ ಶಾಲೆ-ದವಾಖಾನೆಯಂಥ ನಾಗರಿಕ ಸೌಲಭ್ಯಕ್ಕೆ. ಇದನ್ನೆಲ್ಲಾ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಚರಂಡಿ, ಕರೆಂಟು, ನೀರಿನ ಪೈಪು ಹಾಕಿದ ಹಾಗೆ ಪ್ಲಾಟುಗಳನ್ನ ಹಂತಹಂತವಾಗಿ ಮಾರಾಟಕ್ಕೆ ಬಿಡ್ತಾರೆ. ಎಲ್ಲ ಮುಗಿದ ಮೇಲೆ ಲೇಔಟನ್ನ ಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರ ಮಾಡಬೇಕು.

ಈಗ ಲೆಕ್ಕ ಹಾಕಿ. ಹೀಗೆ ನೆಟ್ಟಗೆ ಮಾಡಿದರೆ 40 ಗುಂಟೆಯಲ್ಲಿ ಮನೆಗೆ ಅಂತ ಮಾರೋಕೆ ಸಿಗೋದು ಹೆಚ್ಚುಕಡಿಮೆ 22 ಗುಂಟೆ. ಗುಂಟಾ ಪ್ಲಾಟ್ ಮಾಡುವವನು ಒಂದು ಇಪ್ಪತ್ತಡಿ ದಾರಿ ಬಿಟ್ಟು 32-33 ಗುಂಟೆ ಮಾರಿಬಿಡಬಹುದು. ಪ್ಲಾಟು ಅಗ್ಗಕ್ಕೆ ಸಿಗುತ್ತಲ್ಲ, ಆ ಅಗ್ಗ ಬಂದಿದ್ದು ಎಲ್ಲಿಂದ ಅಂತ ಈಗ ಗೊತ್ತಾಯ್ತಾ? ನಿಮ್ಮ ಮಕ್ಕಳ ಪಾರ್ಕು, ನಿಮ್ಮ ಓಣಿಯ ಅಂಗನವಾಡಿ, ನಿಮ್ಮ ರಸ್ತೆಯ ಹತ್ತಡಿ, ಇದನ್ನೆಲ್ಲಾ ಕತ್ತರಿಸಿ ಪ್ಲಾಟು ಮಾಡಿ ನಿಮಗೇ ಮಾರಿದ್ದಾರೆ. ನೀವು ಸೋವಿ ಅಂತ ಖುಷಿಪಟ್ಟು ತಗೊಂಡಿದ್ದೀರಿ.

ತಗೊಂಡವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಒಬ್ಬ ಗುತ್ತಿಗೆ ನೌಕರ ಇದ್ದಾನೆ ಅಂದುಕೊಳ್ಳಿ. ಅವನಿಗೆ ಹುಡಾ ಮಂಜೂರಾತಿ ಇರೋ ಸೈಟು ಕೈಗೆಟುಕಲ್ಲ. ಹೆಂಡತಿಯ ಬಂಗಾರ, ಊರಿನ ಹೊಲದ ಪಾಲು, ಪಿಎಫ್ ದುಡ್ಡು, ಇಷ್ಟು ಸೇರಿಸಿದರೆ ಸಿಗೋದು ಗುಂಟಾ ಪ್ಲಾಟೇ. ಉತಾರದಲ್ಲಿ ಒಂದೇ ಸರ್ವೆ ನಂಬರಿನ ಕೆಳಗೆ ಹತ್ತಿಪ್ಪತ್ತು ಜನರ ಹೆಸರು ಜಂಟಿಯಾಗಿ ಇರುತ್ತೆ. ಕೆಲವರಿಗೆ ಅದೂ ಇಲ್ಲ, ಬಾಂಡ್ ಪೇಪರ್ ಮೇಲೆ ಬರೆಸಿಕೊಂಡ ಕರಾರು ಅಷ್ಟೇ. ಕಮಾನಿನ ಬೋರ್ಡಿನಲ್ಲಿ ನಗರ, ಸರ್ಕಾರದ ಉತಾರದಲ್ಲಿ ಇನ್ನೂ ಹೊಲ. ಬ್ಯಾಂಕಿಗೆ ಹೋದರೆ ಹೊಲದ ಮೇಲೆ ಮನೆ ಸಾಲ ಕೊಡಲ್ಲ ಅಂತಾರೆ. ಆಗ ಸೊಸೈಟಿಯಲ್ಲಿ ಹೆಚ್ಚಿನ ಬಡ್ಡಿಗೆ ಸಾಲ. ಅಗ್ಗ ಅಂತ ತಗೊಂಡ ಪ್ಲಾಟಿನ ಮೇಲೆ ದುಬಾರಿ ಬಡ್ಡಿ ಕಟ್ಟುತ್ತಾ ಕೂರಬೇಕು.

ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. ಅಕ್ರಮ-ಸಕ್ರಮ ಅಂತ ತಂದರು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಪಂಚಾಯಿತಿಗಳಲ್ಲಿ ಇ-ಸ್ವತ್ತು ಬಂತು, ನಮೂನೆ 9, ನಮೂನೆ 11 ಇಲ್ಲದೆ ಖರೀದಿ ಪತ್ರ ನೋಂದಣಿ ಕಷ್ಟ ಆಯ್ತು. ಮಂಜೂರಾತಿ ಇಲ್ಲದ ಆಸ್ತಿಗೆ 11ಬಿ ಅಂತ ಬೇರೆ ನಮೂನೆ. 2025ರ ಫೆಬ್ರುವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ ಖಾತಾ ಕೊಡುವ ಅಭಿಯಾನ ಶುರುವಾಯ್ತು. ಬಿ ಖಾತಾ ಸಿಕ್ಕಿದ ತಕ್ಷಣ ಎಲ್ಲಾ ಸಕ್ರಮ ಆಯ್ತು ಅಂತ ಕೆಲವರು ಪೇಡೆ ಹಂಚಿದ್ದನ್ನ ಕೇಳಿದ್ದೇನೆ. ಪೇಡೆ ತಿನ್ನಿ, ಬೇಡ ಅನ್ನಲ್ಲ. ಆದರೆ ಬಿ ಖಾತಾ ಅಂದರೆ ನಿಮ್ಮಿಂದ ತೆರಿಗೆ ವಸೂಲಿ ಮಾಡೋಕೆ ನಿಮ್ಮನ್ನು ಲೆಕ್ಕಕ್ಕೆ ತಗೊಂಡಿದ್ದಾರೆ ಅಂತ ಅರ್ಥ. ಕೊಟ್ಟ ಕಾಗದದಲ್ಲಿ ಕಳೆದುಹೋದ ಪಾರ್ಕು ವಾಪಸ್ ಬರಲ್ಲ, ಇಪ್ಪತ್ತಡಿ ರಸ್ತೆ ಮೂವತ್ತಡಿ ಆಗಲ್ಲ. ಬೆಂಕಿ ಬಿದ್ದಾಗ ಅಗ್ನಿಶಾಮಕದ ಗಾಡಿ ಒಳಗೆ ತಿರುಗೋಕೆ ಜಾಗ ಬೇಕಲ್ಲ?

ಇದರ ಜೊತೆಗೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಡ್ತು. ಸ್ವಾಧೀನ ಪ್ರಮಾಣಪತ್ರ, ಅಂದರೆ ಒಸಿ, ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬೇಡಿ ಅಂತ. ಉದ್ದೇಶ ಒಳ್ಳೇದೇ, ಬೇಕಾಬಿಟ್ಟಿ ಮಹಡಿ ಏರಿಸೋರಿಗೆ ಮೂಗುದಾರ ಬೇಕು. ಆದರೆ ಅದರ ಏಟು ಮೊದಲು ಬಿದ್ದಿದ್ದು ದೊಡ್ಡ ಬಿಲ್ಡರ್ ಮೇಲೆ ಅಲ್ಲ. ರಾಜ್ಯದಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶಕ್ಕೆ ದಿನ ನೋಡಿದ್ದ ಸಾವಿರಾರು ಸಾಮಾನ್ಯ ಜನ ಕಾಯಂ ಮೀಟರ್ ಸಿಗದೆ ಕೂತರು. ಗಲಾಟೆ ಆದ ಮೇಲೆ, 2025ರಲ್ಲಿ, 1200 ಚದರಡಿವರೆಗಿನ ಜಾಗದ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡ್ತು. ಗುಂಟೆಯ ಲೆಕ್ಕ ನೆನಪಿದೆಯಲ್ಲ, 1089 ಚದರಡಿ. ಬಹಳ ಮನೆಗಳು ಇದರೊಳಗೆ ಬರ್ತವೆ.

ಪಾರ್ಕಿನ ವಿಷಯಕ್ಕೆ ಇನ್ನೊಂದು ಸಲ ಬರ್ತೀನಿ. ಮಂಜೂರಾದ ಲೇಔಟಿನಲ್ಲಿ ನಕ್ಷೆಯ ಮೇಲೆ ಪಾರ್ಕು ಇರುತ್ತೆ. ಹೋಗಿ ನೋಡಿದರೆ ಕಾಂಗ್ರೆಸ್ ಗಿಡ ಬೆಳೆದಿರುತ್ತೆ, ಕಟ್ಟಡದ ಮಣ್ಣು ತಂದು ಸುರಿದಿರ್ತಾರೆ. ನಿಧಾನಕ್ಕೆ ಒಂದು ಮೂಲೆಯಲ್ಲಿ ತಗಡಿನ ಶೆಡ್ಡು ಏಳುತ್ತೆ. ಯಾರಾದರೂ ಎದ್ದು ಕೇಳಬಹುದಾ? ಕೇಳಬಹುದು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ನಿಮಗೇನು ಸಂಬಂಧ ಅಂತ ಅವರನ್ನ ಕೇಳಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಸಂಬಂಧ ಇದೆ, ಅಲ್ಲಿ ವಾಸ ಮಾಡೋರಿಗೆ ಪಾರ್ಕಿನ ಮೇಲೆ ಹಕ್ಕಿದೆ, ಆಸ್ಪತ್ರೆ ಒಳ್ಳೇದು ಅಂತ ಪಾರ್ಕು ಕಿತ್ತುಕೊಳ್ಳೋ ಹಾಗಿಲ್ಲ. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಇವತ್ತಿಗೂ ವಕೀಲರು ಅದನ್ನ ಉದಾಹರಿಸ್ತಾರೆ. ಬೇಲೂರಿನ ಸುತ್ತಲಿನ ಕಾಲೋನಿಯವರಿಗೆ ಹೈಕೋರ್ಟೇ ಪಕ್ಕದಲ್ಲಿದೆ. ಆದರೆ ಕೋರ್ಟು ಹತ್ತಿರ ಇದ್ದ ಮಾತ್ರಕ್ಕೆ ವಕೀಲರ ಫೀಸು ಕಡಿಮೆ ಆಗಲ್ಲ, ಅದು ಬೇರೆ ಮಾತು.

ಸದ್ದಿನ ವಿಷಯದಲ್ಲೂ ಗೋಡೆಯದ್ದೇ ಆಟ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ 70 ಡೆಸಿಬಲ್‌ವರೆಗೆ ಸದ್ದು ಮಾಡಬಹುದು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ದಾಟುವಂತಿಲ್ಲ. ಸದ್ದಿಗೆ ಗಡಿಕಲ್ಲು ಗೊತ್ತಾಗುತ್ತಾ? ಕಾಂಪೌಂಡಿನ ಈಚೆ ಮಲಗಿದ ಕೂಸಿಗೆ ಆಚೆಯ ಪ್ರೆಸ್ಸಿನ ಏಟು ಕೇಳುತ್ತೆ. ಉತಾರದಲ್ಲಿ ಹೊಲ ಅಂತಿದ್ದರೆ ಇನ್ನೊಂದು ತೊಡಕು. ಇದು ವಸತಿ ಪ್ರದೇಶ ಅಂತ ಹೇಳೋಕೆ ನಿಮ್ಮ ಹತ್ತಿರ ಕಾಗದವೇ ಇರಲ್ಲ.

ಓಡಾಟದ ಬಗ್ಗೆ ಹೆಚ್ಚು ಹೇಳಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುತ್ತೆ, ಬಿಆರ್‌ಟಿಎಸ್ ಪಥ 22 ಕಿಲೋಮೀಟರ್. ಚೆನ್ನಾಗಿದೆ. ಆದರೆ ಅದು ಧಾರವಾಡದಲ್ಲೇ ನಿಲ್ಲುತ್ತೆ, ಬೇಲೂರಿನ ಕಡೆ ಬರಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಇದರಿಂದ ಗಾರ್ಮೆಂಟಿಗೆ, ಮನೆಗೆಲಸಕ್ಕೆ ಹೋಗೋರಿಗೆ ನಿಜವಾಗಿ ಅನುಕೂಲ ಆಗಿದೆ. ಬಸ್ಸು ಇಳಿಸೋದು ಹೆದ್ದಾರಿ ಮೇಲೆ, ಅಲ್ಲಿಂದ ಕಾಲೋನಿಗೆ ನಡಿಗೆ, ಅದಕ್ಕೂ ಮೊದಲು ಹೆದ್ದಾರಿ ದಾಟಬೇಕು. ನರೇಂದ್ರದಿಂದ ಗಬ್ಬೂರಿನವರೆಗಿನ ಬೈಪಾಸ್ ವರ್ಷಗಟ್ಟಲೆ ಎರಡೇ ಪಥದ್ದಾಗಿತ್ತು. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹೆಣ್ಣುಮಕ್ಕಳ ಟೆಂಪೋಗೆ ಟಿಪ್ಪರ್ ಬಡಿದು 11 ಜನ ಸತ್ತರಲ್ಲ, ಅದೇ ಬೈಪಾಸು. ಅಗಲ ಮಾಡ್ತೀವಿ ಅನ್ನೋ ಮಾತಿಗೆ ವೇಗ ಬಂದಿದ್ದು ಅಷ್ಟು ಹೆಣ ಬಿದ್ದ ಮೇಲೆ.

ಇಷ್ಟೆಲ್ಲಾ ಕೇಳಿದ ಮೇಲೆ ಅಲ್ಲಿ ಯಾಕೆ ಇರ್ತಾರೆ ಅಂತ ನೀವು ಕೇಳಬಹುದು. ಹೋಗಿ ಒಂದು ಸಂಜೆ ಕೂತು ನೋಡಿ. ಯಾರ ಮನೆಯಲ್ಲೂ ಗಡಿಬಿಡಿಗೆ ಬಾಗಿಲು ತಟ್ಟಬಹುದು. ಕರೆಂಟು ಹೋದರೆ ಎಲ್ಲರೂ ಕಟ್ಟೆಗೆ ಬರ್ತಾರೆ. ಹೆರಿಗೆ ನೋವು ಬಂದರೆ ಆಂಬುಲೆನ್ಸಿಗಿಂತ ಮೊದಲು ಎದುರುಮನೆಯವರ ಓಮ್ನಿ ಬರುತ್ತೆ. ಗಂಡ ರಾತ್ರಿ ಶಿಫ್ಟಿಗೆ ಹೋದ ಮನೆಯ ಮೇಲೆ ಪಕ್ಕದ ಅಜ್ಜಿ ಒಂದು ಕಣ್ಣಿಟ್ಟಿರ್ತಾಳೆ. ಅದು ಕಾವಲೂ ಹೌದು, ಕಾಟವೂ ಹೌದು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಅನ್ನೋದು ಮರುದಿನ ಹಿಟ್ಟಿನ ಗಿರಣಿಯಲ್ಲಿ ಗೊತ್ತಾಗುತ್ತೆ. ಗಣಪತಿ ಕೂಡಿಸುವಾಗ, ನಾಡಹಬ್ಬ ಮಾಡುವಾಗ ಪಟ್ಟಿ ಎತ್ತೋಕೆ ಎಲ್ಲರೂ ಒಂದು. ಹೊಸಬರಿಗೆ ಮನೆ ಬಾಡಿಗೆ ಕೊಡುವಾಗ ಮಾತ್ರ "ನೀವು ಯಾವ ಪೈಕಿ ಆದ್ರಿ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಕಾರ್ಖಾನೆಯ ಸಾಲಿನಲ್ಲಿ ಪಕ್ಕ ನಿಂತು ನಟ್ಟು ಬಿಗಿದವನಿಗೆ ಓಣಿಯಲ್ಲಿ ಮನೆ ಸಿಗಲ್ಲ ಅಂದರೆ ಅದು ಯಾವ ಪ್ರಾಧಿಕಾರದ ತಪ್ಪೂ ಅಲ್ಲ, ಆ ತಪ್ಪು ಕಾಲೋನಿಯವರದ್ದೇ. ಒಡಿಶಾದ ಆ ಹುಡುಗರು ಮೂರು ವರ್ಷ ಇದ್ದರೂ ಅವರ ಹೆಸರು ಯಾರಿಗೂ ಗೊತ್ತಿರಲ್ಲ, "ಆ ಹಿಂದಿ ಹುಡುಗ್ರು" ಅಷ್ಟೇ.

ಹಾಗಾದರೆ ಇಂಥ ಕಡೆ ಇರೋರು, ಪ್ಲಾಟು ತಗೊಳ್ಳೋಕೆ ಹೊರಟವರು ಏನು ಮಾಡಬೇಕು ಅಂತ ಫೋನ್ ಮಾಡೋರು ಕೇಳ್ತಾರೆ. ತಗೊಳ್ಳುವ ಮೊದಲು ಬ್ರೋಕರ್ ತೋರಿಸುವ ಬಣ್ಣದ ನಕ್ಷೆ ಬಿಟ್ಟು ಎನ್.ಎ. ಆದೇಶ, ಹುಡಾ ಮಂಜೂರಾದ ನಕ್ಷೆ, ಪಾರ್ಕು ರಸ್ತೆ ಬಿಟ್ಟುಕೊಟ್ಟ ಪತ್ರ, ಈ ಮೂರು ಕೇಳಿ. ಲೇಔಟು 500 ಚದರ ಮೀಟರ್ ಮೀರಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಸೈಟು ಇದ್ದರೆ ರೇರಾ ನೋಂದಣಿ ಇರಬೇಕು, ರೇರಾ ವೆಬ್‌ಸೈಟಿನಲ್ಲಿ ಕೂತಲ್ಲೇ ನೋಡಬಹುದು. "ಎಲ್ಲಾ ಆಗ್ತದ ತಗೊಳ್ರೀ ಸರ, ಪ್ರೊಸೆಸ್‌ನ್ಯಾಗ ಐತಿ" ಅಂದರೆ ಆದ ಮೇಲೆ ಬರ್ತೀನಿ ಅಂತ ಹೇಳಿ ಎದ್ದು ಬನ್ನಿ.

ಆಗಲೇ ತಗೊಂಡು ಮನೆ ಕಟ್ಟಿದವರ ಕೆಲಸ ಇನ್ನೂ ಸ್ವಲ್ಪ ದೊಡ್ಡದು. ಒಬ್ಬೊಬ್ಬರೇ ಅರ್ಜಿ ಕೊಟ್ಟರೆ ಅದು ಕಡತದ ಕೆಳಗೆ ಹೋಗುತ್ತೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕಾಲೋನಿಯ ಸಂಘ ನೋಂದಣಿ ಮಾಡಿಸಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆಯಿರಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಆರು ತಿಂಗಳಿಗೊಮ್ಮೆ ಗ್ರಾಮಸಭೆ ಕಡ್ಡಾಯ. ಕಾಲೋನಿಯವರು ಅಲ್ಲಿಗೆ ಹೋಗಲ್ಲ. ಗ್ರಾಮಸಭೆ ಅಂದರೆ ಹಳ್ಳಿಯವರದ್ದು, ನಾವು ನಗರದವರು ಅಂತ ಒಂದು ಬಿಗುಮಾನ. ಇತ್ತ ಹಳ್ಳಿಯವರಿಗೂ ಇವರು ಬರೋದು ಬೇಕಾಗಿಲ್ಲ. ನಮ್ಮ ಹೊಲದ ಮೇಲೆ ಮನೆ ಕಟ್ಟಿದವರು, ನಮ್ಮ ಪಂಚಾಯಿತಿ ದುಡ್ಡಿಗೆ ಪಾಲು ಕೇಳ್ತಾರೆ ಅಂತ. ಅವರ ಮಾತಲ್ಲೂ ಹುರುಳಿದೆ. ಕೈಗಾರಿಕೆಗೆ ಅಂತ ಹೊಲ ಕಳಕೊಂಡು, ಅದೇ ಗೇಟಿನಲ್ಲಿ ಗುತ್ತಿಗೆ ಕೂಲಿಗೆ ನಿಂತವರು ಆ ಹಳ್ಳಿಗಳಲ್ಲೂ ಇದ್ದಾರೆ.

ಇನ್ನೊಂದು ಬೆಳವಣಿಗೆ ಮೇಲೆ ಕಣ್ಣಿಡಿ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. 82 ವಾರ್ಡಿನ ಪಾಲಿಕೆಯಲ್ಲಿ ದುಡ್ಡೆಲ್ಲಾ ಹುಬ್ಬಳ್ಳಿಗೆ ಹೋಗುತ್ತೆ ಅನ್ನೋದು ಧಾರವಾಡದವರ ಹಳೇ ತಕರಾರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡೋಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಡ್ತು. ಹೊಸ ಪಾಲಿಕೆ ಅಂದ ಮೇಲೆ ಗಡಿಯ ಮಾತು ಬಂದೇ ಬರುತ್ತೆ. ಇವತ್ತಲ್ಲ ನಾಳೆ ಬೆಳಗಾವಿ ರಸ್ತೆಯ ಈ ಸಾಲನ್ನ ಒಳಗೆ ಸೇರಿಸಬೇಕಾ ಬೇಡವಾ ಅಂತ ಯಾರೋ ಒಂದು ನಕ್ಷೆಯ ಮೇಲೆ ಪೆನ್ಸಿಲ್ ಗೆರೆ ಎಳೀತಾರೆ. ಸೇರಿದರೆ ತೆರಿಗೆ ಏರುತ್ತೆ, ಹಳ್ಳಿಗಳಿಗೆ ಗ್ರಾಮೀಣ ಉದ್ಯೋಗ ಖಾತ್ರಿ ಕೆಲಸ ಹೋಗುತ್ತೆ, ನೀರು ಮತ್ತು ಒಳಚರಂಡಿ ಕೇಳುವ ಹಕ್ಕು ಬರುತ್ತೆ. ಸೇರದಿದ್ದರೆ 55 ಲೀಟರಿನ ಲೆಕ್ಕವೇ ಗಟ್ಟಿ. ಗಡಿ ಬದಲಿಸುವ ಮುಂಚೆ ಕರಡು ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಅದು ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತೆ, ಟಿವಿಯಲ್ಲಿ ಬರಲ್ಲ, ನಾವೂ ತೋರಿಸಲ್ಲ. ಕಾಲೋನಿಯ ಸಂಘದಲ್ಲಿ ಒಬ್ಬರಿಗೆ ಅದನ್ನ ದಿನಾ ನೋಡೋ ಕೆಲಸ ಹಚ್ಚಿ. ಬಂದ ದಿನ ಮಂಜೂರಾದ ನಕ್ಷೆ ಇದ್ದವರು ನಕ್ಷೆ, ಇಲ್ಲದವರು ಉತಾರ ಮತ್ತು ಕಟ್ಟಿದ ತೆರಿಗೆಯ ಪಾವತಿ ಹಿಡ್ಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಹಳ್ಳಿಯವರನ್ನೂ ಕರ್ಕೊಂಡು ಹೋಗಿ, ಅವರ ಹೊಲವೂ ಅದೇ ನಕ್ಷೆಯಲ್ಲಿದೆ.